ಅತ್ತೆಯ ಬೈಬಲಿನಲ್ಲಿ 66, ನನ್ನದರಲ್ಲಿ 73: ಓದುಗರ ಪ್ರಶ್ನೆಗಳು

ಪ್ರಶ್ನೆ: ನಾನು ಕ್ಯಾಥೊಲಿಕ್ ಮನೆಯವಳು. ಗಂಡನ ಮನೆಯವರು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಅನ್ನುವ ಪ್ರೊಟೆಸ್ಟೆಂಟ್ ಸಭೆಯವರು. ತವರಿನಿಂದ ತಂದ ನನ್ನ ಬೈಬಲನ್ನು ಅತ್ತೆ ತಿರುವಿ ನೋಡಿ, ‘ನಿಮ್ಮವರು ಏಳು ಪುಸ್ತಕ ಸೇರಿಸಿಕೊಂಡಿದ್ದಾರೆ’ ಅಂದರು. ಅಮ್ಮನನ್ನು ಕೇಳಿದರೆ ‘ಅವರೇ ಏಳು ಪುಸ್ತಕ ತೆಗೆದುಹಾಕಿದ್ದು’ ಅನ್ನುತ್ತಾರೆ. ಯಾರ ಮಾತು ಸರಿ?
(ಓದುಗರೊಬ್ಬರು, ಲಿಂಗರಾಜಪುರ)

ಉತ್ತರ: ಇದು ನಿಮ್ಮ ಅಮ್ಮ ಮತ್ತು ಅತ್ತೆ ಶುರು ಮಾಡಿದ ಜಗಳ ಅಲ್ಲ, 1,600 ವರ್ಷಗಳಿಂದ ನಡೆದುಬಂದಿರುವ ಮಾತು. ಅದನ್ನು ಮೊದಲು ಇಬ್ಬರಿಗೂ ಹೇಳಿ.

ಬೈಬಲಿನ ಎರಡನೇ ಭಾಗವಾದ ಹೊಸ ಒಡಂಬಡಿಕೆಯಲ್ಲಿ ತಕರಾರೇ ಇಲ್ಲ. ಎರಡೂ ಬೈಬಲಿನಲ್ಲಿ 27 ಪುಸ್ತಕ. ಹಳೆಯ ಒಡಂಬಡಿಕೆಯಲ್ಲಿ ಮಾತ್ರ ಅತ್ತೆಯವರದ್ದರಲ್ಲಿ 39, ನಿಮ್ಮದರಲ್ಲಿ 46. ತೋಬಿತ, ಯೂದಿತ, ಸೊಲೊಮೋನನ ಜ್ಞಾನಗ್ರಂಥ, ಸಿರಾಕ, ಬಾರೂಕ, ಮಕ್ಕಬಿಯರ ಎರಡು ಪುಸ್ತಕ, ಇವೇ ಆ ಏಳು. ಎಸ್ತೇರ್ ಮತ್ತು ದಾನಿಯೇಲ ಪುಸ್ತಕಗಳಲ್ಲೂ ಸ್ವಲ್ಪ ಭಾಗ ಜಾಸ್ತಿ ಇದೆ.

ಯೇಸು ಹುಟ್ಟುವುದಕ್ಕೆ ಮುನ್ನೂರು ವರ್ಷ ಮೊದಲಿಗೇ ಈಜಿಪ್ಟಿನ ಅಲೆಕ್ಸಾಂಡ್ರಿಯದಲ್ಲಿ ಬಹಳ ಯೆಹೂದ್ಯರು ನೆಲೆಸಿದ್ದರು. ಅವರ ಮಕ್ಕಳು ಗ್ರೀಕ್ ಮಾತಾಡುತ್ತಿದ್ದರು, ಹೀಬ್ರೂ ಓದಲು ಬರುತ್ತಿರಲಿಲ್ಲ. ನಮ್ಮ ಊರಲ್ಲೂ ಮನೆಯಲ್ಲಿ ಕನ್ನಡ ಮಾತಾಡಿ ಓದಲು ಬಾರದ ಮಕ್ಕಳು ಎಷ್ಟಿಲ್ಲ, ಅಲ್ವಾ? ಆ ಜನರಿಗಾಗಿ ಧರ್ಮಗ್ರಂಥಗಳು ಗ್ರೀಕ್ ಭಾಷೆಗೆ ಬಂದವು. ಈ ಏಳು ಪುಸ್ತಕಗಳು ಕ್ರೈಸ್ತರ ಕೈಗೆ ಬಂದದ್ದು ಆ ಗ್ರೀಕ್ ಗ್ರಂಥಗಳ ಜೊತೆಯಲ್ಲೇ. ಹೀಬ್ರೂ ಬೈಬಲಿನಲ್ಲಿ ಇವು ಇಲ್ಲ.

ಹಾಗಾಗಿ ಮೊದಲಿಂದಲೂ ಎರಡು ಅಭಿಪ್ರಾಯ ಇತ್ತು. 397ರಲ್ಲಿ ಉತ್ತರ ಆಫ್ರಿಕಾದ ಕಾರ್ಥೇಜ್‌ನಲ್ಲಿ ಸೇರಿದ ಬಿಷಪ್‌ಗಳ ಸಭೆಯ ಪಟ್ಟಿಯಲ್ಲಿ ಈ ಪುಸ್ತಕಗಳು ಇದ್ದವು. ಅದೇ ಕಾಲದಲ್ಲಿ ಬೈಬಲನ್ನು ಲ್ಯಾಟಿನ್‌ಗೆ ತಂದ ಜೆರೋಮ್ ಮಾತ್ರ, ಹೀಬ್ರೂವಿನಲ್ಲಿ ಇರುವವೇ ಬೇರೆ, ಇವೇ ಬೇರೆ ಅಂತ ಬರೆದರು. ಪ್ರೊಟೆಸ್ಟೆಂಟ್ ಸುಧಾರಣೆ ಶುರು ಮಾಡಿದ ಮಾರ್ಟಿನ್ ಲೂಥರ್ 1534ರ ಜರ್ಮನ್ ಬೈಬಲಿನಲ್ಲಿ ಇವನ್ನು ಬಿಸಾಡಲಿಲ್ಲ. ಎರಡು ಒಡಂಬಡಿಕೆಗಳ ನಡುವೆ ಬೇರೆಯಾಗಿ ಇಟ್ಟು, ಧರ್ಮಶಾಸ್ತ್ರಕ್ಕೆ ಸಮ ಅಲ್ಲದಿದ್ದರೂ ಓದಲು ಒಳ್ಳೆಯವು ಅಂದರು. ಕ್ಯಾಥೊಲಿಕ್ ಸಭೆ 1546ರಲ್ಲಿ ಇಟಲಿಯ ಟ್ರೆಂಟ್‌ನಲ್ಲಿ ಸೇರಿದಾಗ, ಇವೂ ಧರ್ಮಶಾಸ್ತ್ರವೇ ಅಂತ ಖಚಿತವಾಗಿ ಹೇಳಿತು. ಇಂಗ್ಲಿಷಿನ 1611ರ ಪ್ರಸಿದ್ಧ ಅನುವಾದದಲ್ಲೂ ಇವು ಇದ್ದವು.

ಆಮೇಲೆ 1826ರಲ್ಲಿ, ಬೈಬಲ್ ಅಚ್ಚು ಹಾಕಿಸಿ ಹಂಚುತ್ತಿದ್ದ ಬ್ರಿಟಿಷ್ ಬೈಬಲ್ ಸೊಸೈಟಿ ದೊಡ್ಡ ವಾದ ನಡೆದ ಮೇಲೆ ಈ ಪುಸ್ತಕಗಳಿಗೆ ಹಣ ಕೊಡುವುದನ್ನು ನಿಲ್ಲಿಸಿತು. ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್‌ನ ಜಾನ್ ಹ್ಯಾಂಡ್ಸ್ ಮತ್ತು ಜೊತೆಗಾರರ ಶ್ರಮದಿಂದ ಇಡೀ ಬೈಬಲ್ ಕನ್ನಡದಲ್ಲಿ ಸಿಕ್ಕಿದ್ದು 1831ರ ಹೊತ್ತಿಗೆ. ಅಂದರೆ ನಿಮ್ಮ ಅತ್ತೆಯವರ ಮುತ್ತಜ್ಜಿಯ ಕೈಗೆ ಬಂದ ಕನ್ನಡ ಬೈಬಲಿನಲ್ಲೂ ಈ ಏಳು ಪುಸ್ತಕ ಇರಲಿಲ್ಲ. ಅವರು ಯಾವುದನ್ನೂ ಕಿತ್ತುಹಾಕಿದವರಲ್ಲ, ತಮಗೆ ಸಿಕ್ಕಿದ್ದನ್ನು ಪ್ರೀತಿಯಿಂದ ಓದಿದವರು. ನಿಮ್ಮ ಅಮ್ಮನ ಕಡೆಯವರೂ ಹಾಗೇ, ಯಾವುದನ್ನೂ ಹೊಸದಾಗಿ ಸೇರಿಸಿದವರಲ್ಲ.

ಒಂದು ಕೆಲಸ ಮಾಡಿ. ಅತ್ತೆಯವರ ಬೈಬಲಿನಲ್ಲೇ ಯೋಹಾನ 10:22 ತೆಗೆದು ಓದಲು ಹೇಳಿ. ಚಳಿಗಾಲ, ಜೆರುಸಲೇಮಿನಲ್ಲಿ ದೇವಾಲಯದ ಪ್ರತಿಷ್ಠೆಯ ಹಬ್ಬ, ಯೇಸು ಅಲ್ಲಿ ನಡೆದಾಡುತ್ತಿದ್ದಾರೆ. ಅದು ಯಾವ ಹಬ್ಬ ಅಂತ ಹಳೆಯ ಒಡಂಬಡಿಕೆಯ 39 ಪುಸ್ತಕಗಳಲ್ಲಿ ಹುಡುಕಿದರೆ ಸಿಗುವುದಿಲ್ಲ. ನಿಮ್ಮ ಬೈಬಲಿನ ಮಕ್ಕಬಿಯರ ಮೊದಲ ಪುಸ್ತಕದ 4ನೇ ಅಧ್ಯಾಯದಲ್ಲಿದೆ. ಹೊಲಸು ಮಾಡಿದ್ದ ದೇವಾಲಯವನ್ನು ಕ್ರಿಸ್ತಪೂರ್ವ 164ರ ಸುಮಾರಿಗೆ ಶುದ್ಧಿ ಮಾಡಿದ ಕಥೆ ಅದು. ಇಬ್ಬರೂ ಒಟ್ಟಿಗೆ ಕೂತು ಓದಿ. ಇವು ಧರ್ಮಶಾಸ್ತ್ರ ಹೌದೋ ಅಲ್ಲವೋ ಅನ್ನುವುದರಲ್ಲಿ ಅತ್ತೆಯವರು ತಮ್ಮ ಮಾತು ಬಿಡಬೇಕಾಗಿಲ್ಲ. 1947ರಲ್ಲಿ ಸಿಎಸ್‌ಐ ಆಗಿ ಒಂದಾದ ಸಭೆಗಳಲ್ಲಿ ಇಂಗ್ಲೆಂಡಿನ ಸಭೆಯ ಪರಂಪರೆಯ ಆಂಗ್ಲಿಕನ್ನರೂ ಇದ್ದರಲ್ಲ, ಅವರ ಹಳೆಯ ನಿಯಮದಲ್ಲೇ ಇವನ್ನು ನಡತೆ ಕಲಿಯಲು ಓದಬಹುದು, ಬೋಧನೆಗೆ ಆಧಾರ ಮಾಡಬಾರದು ಅಂತಿದೆ. ಹಾಗಾಗಿ ಓದುವುದಕ್ಕೆ ಅಡ್ಡಿ ಇಲ್ಲ.

ತೋಬಿತನ ಪುಸ್ತಕದ 8ನೇ ಅಧ್ಯಾಯವನ್ನೂ ಓದಿ. ಮದುವೆಯ ರಾತ್ರಿ ಗಂಡ ಹೆಂಡತಿ ಎದ್ದು ನಿಂತು, ನಾವಿಬ್ಬರೂ ಒಟ್ಟಿಗೆ ಮುದುಕರಾಗುವಂತೆ ಮಾಡು ಅಂತ ಬೇಡಿಕೊಳ್ಳುವ ಪ್ರಾರ್ಥನೆ ಅಲ್ಲಿದೆ. ಕ್ಯಾಥೊಲಿಕ್ ಮದುವೆ ಪೂಜೆಯಲ್ಲಿ ಆರಿಸಿಕೊಳ್ಳಬಹುದಾದ ವಾಚನಗಳಲ್ಲಿ ಇದೂ ಒಂದು. ನನಗೆ ಬಹಳ ಇಷ್ಟವಾದ ಪುಟ.

ಪ್ರಶ್ನೆ: ಕ್ರಿಸ್ಮಸ್ ಗೋದಲಿಯಲ್ಲಿ ಮೂವರು ಜ್ಞಾನಿಗಳ ಗೊಂಬೆ ಇಡುತ್ತೇವೆ. ಮೂವರೇ ಅಂತ ಬೈಬಲಿನಲ್ಲಿ ಇಲ್ಲ ಅಂತ ನನ್ನ ಮಗ ವಾದ ಮಾಡುತ್ತಾನೆ.
(ಓದುಗರೊಬ್ಬರು, ಕಮ್ಮನಹಳ್ಳಿ)

ಉತ್ತರ: ಮಗ ಹೇಳಿದ್ದು ಸರಿ. ಮತ್ತಾಯ 2ರಲ್ಲಿ ಮಗು ಯೇಸುವನ್ನು ನೋಡಲು ಜ್ಞಾನಿಗಳು ಮೂಡಣ ದೇಶದಿಂದ ಬಂದರು ಅಂತಿದೆ, ಎಷ್ಟು ಜನ ಅಂತಿಲ್ಲ. ಚಿನ್ನ, ಧೂಪ, ರಕ್ತಬೋಳ ಅಂತ ಕಾಣಿಕೆ ಮೂರು, ಅದರಿಂದ ಜನವೂ ಮೂವರಾದರು. ಹೆಸರುಗಳು ಬಂದದ್ದು ಇನ್ನೂ ನೂರಾರು ವರ್ಷ ಆದ ಮೇಲೆ. ಅವರು ಬಂದದ್ದು ಗೋದಲಿಗೆ ಅಂತಲ್ಲ, ‘ಮನೆಗೆ’ ಅಂತ 11ನೇ ವಚನದಲ್ಲಿದೆ, ಅದನ್ನೂ ಮಗನಿಗೆ ತೋರಿಸಿ. ಗೊಂಬೆ ಮೂರೇ ಇರಲಿ, ತೊಂದರೆ ಇಲ್ಲ.

ಪ್ರಶ್ನೆ: ಕ್ರಿಸ್ಮಸ್ ಒಂದೇ ದಿನಕ್ಕೆ ಬರುತ್ತದೆ, ಈಸ್ಟರ್ ಮಾತ್ರ ಯಾಕೆ ವರ್ಷ ವರ್ಷ ಓಡಾಡುತ್ತದೆ? ಆಫೀಸಿನಲ್ಲಿ ಕೇಳಿದರೆ ಹೇಳಲು ಗೊತ್ತಾಗುವುದಿಲ್ಲ.
(ಓದುಗರೊಬ್ಬರು, ಕೆಂಗೇರಿ)

ಉತ್ತರ: ಬೆಂಗಳೂರಿನವರಿಗೆ ಇದನ್ನು ಹೇಳುವುದು ಸುಲಭ. ಕರಗ ಯಾವಾಗ ಅಂತ ಕೇಳಿ. ಚೈತ್ರ ಹುಣ್ಣಿಮೆಗೆ, ಅಲ್ವಾ? ಈಸ್ಟರ್‌ಗೂ ಹುಣ್ಣಿಮೆಯೇ ಲೆಕ್ಕ. ಯೇಸು ಸತ್ತು ಎದ್ದದ್ದು ಯೆಹೂದ್ಯರ ಪಾಸ್ಕ ಹಬ್ಬದ ಹೊತ್ತಿನಲ್ಲಿ, ಆ ಹಬ್ಬ ಬರುವುದು ವಸಂತದ ಹುಣ್ಣಿಮೆಗೆ. ಮೊದಮೊದಲು ಒಂದೊಂದು ಕಡೆ ಒಂದೊಂದು ದಿನ ಆಚರಿಸುತ್ತಿದ್ದರು. ಎಲ್ಲರೂ ಒಂದೇ ದಿನ ಆಚರಿಸಬೇಕು ಅಂತ 325ರಲ್ಲಿ ನೈಸಿಯದ ಸಭೆ ತೀರ್ಮಾನ ಮಾಡಿತು. ಈಗ ನಮ್ಮ ಸಭೆಗಳಲ್ಲಿ ಇರುವ ನಿಯಮ ಇಷ್ಟೇ: ಮಾರ್ಚ್ 21ಕ್ಕೆ ಅಥವಾ ಅದರ ನಂತರ ಬರುವ ಮೊದಲ ಹುಣ್ಣಿಮೆ, ಅದು ಕಳೆದು ಬರುವ ಭಾನುವಾರ ಈಸ್ಟರ್. ಅದಕ್ಕೇ ಅದು ಮಾರ್ಚ್ 22ಕ್ಕಿಂತ ಮೊದಲು ಬರುವುದಿಲ್ಲ, ಏಪ್ರಿಲ್ 25 ದಾಟುವುದಿಲ್ಲ.

2023ರಲ್ಲಿ ಏಪ್ರಿಲ್ 6ಕ್ಕೆ ಚೈತ್ರ ಹುಣ್ಣಿಮೆ, ಏಪ್ರಿಲ್ 9ಕ್ಕೆ ಈಸ್ಟರ್. ಒಂದೇ ಚಂದ್ರ. ಆದರೆ 2024ರಲ್ಲಿ ತಪ್ಪಿತು. ಮಾರ್ಚ್ 25ರ ಹುಣ್ಣಿಮೆ ಹಿಡಿದು ಮಾರ್ಚ್ 31ಕ್ಕೇ ಈಸ್ಟರ್ ಬಂತು, ಪಂಚಾಂಗದ ಪ್ರಕಾರ ಆ ಹುಣ್ಣಿಮೆ ಇನ್ನೂ ಫಾಲ್ಗುಣದ್ದು, ಚೈತ್ರದ್ದು ಬಂದದ್ದು ಏಪ್ರಿಲ್ 23ಕ್ಕೆ. ವಸಂತದ ಹುಣ್ಣಿಮೆ ಯಾವುದು ಅಂತ ನಿರ್ಧರಿಸಲು ಸೂರ್ಯನ ಗುರುತು ಎರಡು ಲೆಕ್ಕದಲ್ಲಿ ಬೇರೆ ಬೇರೆ ಕಡೆ ಇದೆ, ಅದಕ್ಕೇ ಹೀಗೆ. ಆಫೀಸಿನಲ್ಲಿ ಕೇಳಿದವರಿಗೆ ಕರಗದಿಂದಲೇ ಶುರು ಮಾಡಿ, ಒಂದು ನಿಮಿಷದಲ್ಲಿ ಅರ್ಥವಾಗುತ್ತದೆ.

ಪ್ರಶ್ನೆ: ನಮ್ಮ ಹಳೆಯ ಬೈಬಲಿನಲ್ಲಿ ‘ಯೆಹೋವ’ ಅಂತಿದೆ, ಗೆಳೆಯರ ಕ್ಯಾಥೊಲಿಕ್ ಬೈಬಲಿನಲ್ಲಿ ‘ಸರ್ವೇಶ್ವರ’. ದೇವರ ಹೆಸರನ್ನೇ ಬದಲಾಯಿಸಬಹುದಾ?
(ಓದುಗರೊಬ್ಬರು, ಜಾಲಹಳ್ಳಿ)

ಉತ್ತರ: ಹೀಬ್ರೂವಿನಲ್ಲಿ ಆ ಹೆಸರು ಬರೀ ನಾಲ್ಕು ವ್ಯಂಜನ, 6,800ಕ್ಕೂ ಹೆಚ್ಚು ಸಲ ಬರುತ್ತದೆ. ಭಯಭಕ್ತಿಯಿಂದ ಯೆಹೂದ್ಯರು ಅದನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಅಲ್ಲಿಗೆ ಬಂದಾಗ ‘ಅದೋನಾಯ್’, ಅಂದರೆ ‘ಪ್ರಭು’ ಅಂತ ಓದುತ್ತಿದ್ದರು. ಅದನ್ನು ನೆನಪಿಸಲು ಆ ಪದದ ಸ್ವರಗಳನ್ನು ನಾಲ್ಕು ಅಕ್ಷರಕ್ಕೆ ಬರೆದಿಟ್ಟರು. ಎರಡನ್ನೂ ಕೂಡಿಸಿ ಓದಿದಾಗ ‘ಯೆಹೋವ’ ಆಯಿತು. ಒಂದು ಬೈಬಲ್ ಬರೆದದ್ದನ್ನು ಹಿಡಿಯಿತು, ಇನ್ನೊಂದು ಓದುವ ಪದ್ಧತಿಯನ್ನು. ನಮ್ಮ ಅಜ್ಜಿ ‘ಯೆಹೋವನು ನನಗೆ ಕುರುಬನು’ ಅಂತ ಬಾಯಿಪಾಠ ಹೇಳುತ್ತಿದ್ದರು. ಆ ಮಾತು ನನಗೆ ಈಗಲೂ ಹಾಗೇ ಬೇಕು. ಆದರೆ ‘ಸರ್ವೇಶ್ವರ’ ಅನ್ನುವವರು ದೇವರನ್ನು ಬದಲಾಯಿಸಿದ್ದಾರೆ ಅಂತ ದಯವಿಟ್ಟು ಹೇಳಬೇಡಿ.

ಪ್ರಶ್ನೆ: ಹೊಸೂರು ರಸ್ತೆಯ ಸಮಾಧಿ ಸ್ಥಳದಲ್ಲಿ ನಮ್ಮ ಮಾವನ ಮಣ್ಣಿನ ದಿನ ಕ್ಯಾಥೊಲಿಕ್, ಪ್ರೊಟೆಸ್ಟೆಂಟ್ ಎರಡೂ ಕಡೆಯ ನೆಂಟರು ಸೇರಿ ಕರ್ತನ ಪ್ರಾರ್ಥನೆ ಹೇಳಿದೆವು. ‘ಕೇಡಿನಿಂದ ತಪ್ಪಿಸು’ ಅನ್ನುವ ಕಡೆಗೆ ಅರ್ಧ ಜನ ಆಮೆನ್ ಅಂದು ನಿಲ್ಲಿಸಿದರು, ನಾವು ಮುಂದೆ ಹೇಳುತ್ತಲೇ ಇದ್ದೆವು. ಮನಸ್ಸಿಗೆ ಕಸಿವಿಸಿ ಆಯಿತು.
(ಓದುಗರೊಬ್ಬರು, ಆಸ್ಟಿನ್ ಟೌನ್)

ಉತ್ತರ: ಅಂಥ ಹೊತ್ತಿನಲ್ಲಿ ದನಿ ಎರಡಾದರೆ ನೋವಾಗುತ್ತದೆ, ನನಗೂ ಆಗಿದೆ. ನೀವು ಮುಂದೆ ಹೇಳಿದ ‘ರಾಜ್ಯವೂ ಬಲವೂ ಮಹಿಮೆಯೂ ನಿನ್ನವೇ’ ಅನ್ನುವ ಸಾಲು ಮತ್ತಾಯ ಸುವಾರ್ತೆಯ ಅತಿ ಹಳೆಯ ಹಸ್ತಪ್ರತಿಗಳಲ್ಲಿ ಇಲ್ಲ. ಲೂಕ 11ರಲ್ಲೂ ಇಲ್ಲ. ಆದರೆ ಮೊದಲ ಕ್ರೈಸ್ತರು ಈ ಪ್ರಾರ್ಥನೆಯನ್ನು ಇಂಥದ್ದೇ ಸ್ತುತಿಯಿಂದ ಮುಗಿಸುತ್ತಿದ್ದರು. ಬಹಳ ಹಿಂದಿನ ‘ಡಿಡಾಖೆ’ ಅನ್ನುವ ಚಿಕ್ಕ ಬೋಧನೆಯ ಪುಸ್ತಕದಲ್ಲೇ ಅದು ಸಿಗುತ್ತದೆ. 1 ಪೂರ್ವಕಾಲವೃತ್ತಾಂತ 29:11ರಲ್ಲಿ ದಾವೀದನ ಬಾಯಿಂದಲೂ ಹೆಚ್ಚುಕಡಿಮೆ ಇದೇ ಮಾತು ಬರುತ್ತದೆ.

ನಿಲ್ಲಿಸಿದ ನೆಂಟರೂ ಈ ಮಾತನ್ನು ಬಿಟ್ಟವರಲ್ಲ. ಕ್ಯಾಥೊಲಿಕ್ ಪೂಜೆಯಲ್ಲಿ ಜನ ಅಲ್ಲಿಗೆ ನಿಲ್ಲಿಸುತ್ತಾರೆ, ಗುರುಗಳು ಒಂದು ಚಿಕ್ಕ ಪ್ರಾರ್ಥನೆ ಹೇಳುತ್ತಾರೆ, ಆಮೇಲೆ ಎಲ್ಲರೂ ಸೇರಿ ಅದೇ ಸ್ತುತಿಯನ್ನು ಹೇಳುತ್ತಾರೆ. ಅವರಿಗೆ ನಡುವೆ ಒಂದು ಬಿಡುವು ಇದೆ, ಅಷ್ಟೇ. ಮುಂದಿನ ಸಲ ಎಲ್ಲರೂ ಸೇರುವ ಮೊದಲೇ ಗುರುಗಳಿಗೂ ನಿಮ್ಮ ಪಾಸ್ಟರಿಗೂ ಒಂದು ಮಾತು ಹೇಳಿಡಿ. ‘ಕೇಡಿನಿಂದ ತಪ್ಪಿಸು’ ಅಂದ ಮೇಲೆ ಒಂದು ಉಸಿರು ನಿಲ್ಲಲಿ, ಆಮೇಲೆ ಆ ಕೊನೆಯ ಸಾಲನ್ನು ಎಲ್ಲರೂ ಒಟ್ಟಿಗೆ ಹೇಳಲಿ.