ಕೊಡಗಿನ ಐನ್‌ಮನೆಗಳು ಒಂದೆಡೆ ಸಾಲಾಗಿರದೆ ಗದ್ದೆಯಂಚಿನಲ್ಲಿ ಒಂಟಿಯಾಗಿ ಏಕಿವೆ?

ಐನ್‌ಮನೆಯು ಒಕ್ಕದ, ಅಂದರೆ ಒಬ್ಬ ಮೂಲಪುರುಷನಿಂದ ಬಂದ ಕೊಡವ ಕುಟುಂಬದ, ಬೇಸಾಯದ ಕೇಂದ್ರವಾಗಿತ್ತು. ಆದ್ದರಿಂದ ಅದನ್ನು ಆ ಒಕ್ಕದ ಭತ್ತದ ಗದ್ದೆ ಕಣ್ಣಿಗೆ ಬೀಳುವಂತೆ, ಮಳೆನೀರು ನಿಲ್ಲದ ಎತ್ತರದಲ್ಲಿ ಕಟ್ಟುತ್ತಿದ್ದರು.

ಇದರ ಮೂಲ ಜಮ್ಮಾ ಹಿಡುವಳಿಯಲ್ಲಿದೆ. ಕರೆ ಬಂದಾಗ ಸೈನಿಕ ಸೇವೆ ಸಲ್ಲಿಸಬೇಕೆಂಬ ಕರಾರಿನ ಮೇಲೆ ಕೊಡಗಿನ ಅರಸರು ಕಡಿಮೆ ಕಂದಾಯಕ್ಕೆ ವಂಶಪಾರಂಪರ್ಯವಾಗಿ ಕೊಟ್ಟ ಈ ಭೂಮಿಯನ್ನು ಒಕ್ಕವೇ ಒಟ್ಟಾಗಿ ಅನುಭವಿಸುತ್ತಿತ್ತು, ಮತ್ತು 1834ರಲ್ಲಿ ಕೊಡಗನ್ನು ವಶಪಡಿಸಿಕೊಂಡ ಬ್ರಿಟಿಷರೂ ಈ ಪದ್ಧತಿಯನ್ನು ಮುಂದುವರಿಸಿದರು. ಗದ್ದೆಯ ಜೊತೆಗೆ ಸೊಪ್ಪು, ಸೌದೆ, ಮೇವುಗಳಿಗಾಗಿ ಬಾಣೆ ಎಂಬ ಕಾಡುಭೂಮಿಯೂ ಸೇರಿರುತ್ತಿದ್ದುದರಿಂದ, ಕೆಳಗಿನ ಗದ್ದೆಗೂ ಮೇಲಿನ ಬಾಣೆಗೂ ನಡುವಿನ ಜಾಗವೇ ಮನೆಗೆ ಸಹಜವಾಗಿ ಒದಗಿತು. ಮುಂದೆ ಈ ಬಾಣೆಗಳಲ್ಲಿ ಹಲವು ಕಾಫಿ ತೋಟಗಳಾದವು.

ಮನೆಯ ರಚನೆಯಲ್ಲಿಯೂ ಈ ಒಟ್ಟುಬಾಳಿನ ಗುರುತುಗಳಿವೆ. ಎರಡೂ ಬದಿಗೆ ಗೋಡೆಯಿರುವ ಓಣಿಯಿಂದ ಬಂದರೆ ಅಂಗಳ, ಅದರಾಚೆ ಕಯ್ಯಾಲೆ ಎಂಬ ಜಗಲಿ. ಅಲ್ಲಿ ಕಂಬಗಳ ನಡುವೆ ಕೂಡಿಸಿದ ಅಗಲವಾದ ಮರದ ಹಲಗೆಯ ಮೇಲೆ ಹಿರಿಯರು ಕುಳಿತುಕೊಳ್ಳುತ್ತಿದ್ದರು. ದೊಡ್ಡ ಮನೆಗಳಲ್ಲಿ ನಡುವೆ ಆಕಾಶಕ್ಕೆ ತೆರೆದ ತೊಟ್ಟಿಯಿದ್ದು, ಮಳೆಗಾಲದ ಮೋಡಕವಿದ ತಿಂಗಳುಗಳಲ್ಲಿಯೂ ಸುತ್ತಲಿನ ಕೋಣೆಗಳಿಗೆ ಬೆಳಕು ತಲುಪುತ್ತದೆ. ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ನೆಲ್ಲಕ್ಕಿ ನಡುಬಾಡೆ, ಅಂದರೆ ತೂಗುದೀಪವಿರುವ ನಡುಮನೆ. ಬೇರೆ ಬೇರೆ ಕಡೆ ಮನೆ ಮಾಡಿಕೊಂಡ ಒಕ್ಕದವರು ಪುತ್ತರಿ ಹಬ್ಬದಲ್ಲಿ ಇಂದಿಗೂ ಐನ್‌ಮನೆಯಲ್ಲಿ ಸೇರಿ, ಗದ್ದೆಯಿಂದ ಕೊಯ್ದ ಹೊಸ ಕದಿರನ್ನು ಇಲ್ಲಿಗೇ ತರುತ್ತಾರೆ.