ಅಂಬರ್ ಲೈಟ್ ಬಂದರೆ ಬೆಳಗಿನವರೆಗೆ ಕಾಯಬಹುದೇ?

ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಡಿಸ್ಕ್ ಬಗ್ಗೆಯೇ ಇವೆ. ಮೊದಲ ಪ್ರಶ್ನೆ ಕೇಳಿದ ಹುಡುಗನ ವಯಸ್ಸಿನಲ್ಲಿ ನನಗೂ ಅಂಥದೇ ಒಂದು ರಾತ್ರಿ ಬಂದಿತ್ತು. ಹಾಗಾಗಿ ಅದಕ್ಕೆ ಹೆಚ್ಚು ಜಾಗ ತೆಗೆದುಕೊಂಡಿದ್ದೇನೆ. ಕೇಳಿದವರ ಹೆಸರು ಹಾಕಿಲ್ಲ, ಊರು ಮಾತ್ರ ಕೊಟ್ಟಿದ್ದೇನೆ.

ಪ್ರಶ್ನೆ: ಅಣ್ಣಾ, ನಾನು ಮಹಾಪೆಯ ಒಂದು ಡೇಟಾ ಸೆಂಟರ್‌ನಲ್ಲಿ ನೈಟ್ ಶಿಫ್ಟ್ ಟೆಕ್ನಿಷಿಯನ್. ಸೇರಿ ಏಳು ತಿಂಗಳಾಯಿತು. ಹೋದ ವಾರ ರಾತ್ರಿ ಒಂದು ಗಂಟೆಗೆ ಒಂದು ಸರ್ವರ್‌ನ ಡಿಸ್ಕ್‌ನಲ್ಲಿ ಅಂಬರ್ ಲೈಟ್ (ಡಿಸ್ಕ್ ಕೆಟ್ಟಿದೆ ಎಂಬ ಎಚ್ಚರಿಕೆಯ ದೀಪ) ಬಂತು. 8 ಟಿಬಿಯ ಎಂಟು ಡಿಸ್ಕ್, ರೇಡ್ 5 (ಒಂದು ಕೆಟ್ಟರೂ ಡೇಟಾ ಉಳಿಯುವಂತೆ ಡಿಸ್ಕ್‌ಗಳನ್ನು ಒಟ್ಟು ಜೋಡಿಸುವ ಏರ್ಪಾಡು). ಸ್ಪೇರ್ ಡಿಸ್ಕ್ ಕಪಾಟಿನಲ್ಲೇ ಇತ್ತು. ಸೀನಿಯರ್‌ಗೆ ಫೋನ್ ಮಾಡಿದರೆ ‘ರೇಡ್ ಇದೆಯಲ್ಲ, ಬೆಳಗ್ಗೆ ನೋಡೋಣ’ ಅಂದರು. ಇದು ಸರಿಯೇ? (ಘನ್ಸೋಲಿ)

ಉತ್ತರ: ಸರಿಯಲ್ಲ ತಮ್ಮಾ. ಹಾಗೆಂದು ಓಡಿಹೋಗಿ ಡಿಸ್ಕ್ ಎಳೆಯುವುದೂ ಸರಿಯಲ್ಲ. ಸೀನಿಯರ್ ಮಾತು ಮೀರಿ ಕೈಹಾಕು ಅಂತ ನಾನು ಹೇಳುವುದಿಲ್ಲ. ಲೆಕ್ಕ ಅವರ ಮುಂದಿಡು.

ರೇಡ್ 5ರಲ್ಲಿ ಒಂದು ಡಿಸ್ಕ್ ಹೋದರೆ ತಡೆದುಕೊಳ್ಳುತ್ತದೆ. ಆ ಒಂದು ಈಗ ಹೋಗಿದೆ. ಹೊಸ ಡಿಸ್ಕ್ ಹಾಕಿದ ಮೇಲೆ ಅದರೊಳಗಿನದನ್ನು ಮತ್ತೆ ಕಟ್ಟಬೇಕಾದರೆ ಉಳಿದ ಏಳನ್ನೂ ಮೊದಲಿನಿಂದ ಕೊನೆಯವರೆಗೆ ಓದಬೇಕು. ಏಳು ಗುಣಿಲೆ ಎಂಟು, 56 ಟಿಬಿ. ಸಾಮಾನ್ಯ ಸಾಟಾ ಡಿಸ್ಕ್‌ನ ಸ್ಪೆಕ್ ಹಾಳೆಯಲ್ಲಿ ಒಂದು ಸಾಲು ಇರುತ್ತದೆ: 1ರ ಮುಂದೆ 14 ಸೊನ್ನೆ ಬರೆದಷ್ಟು ಬಿಟ್ ಓದಿದರೆ ಒಂದು ಕಡೆ ಓದಲಾಗದೆ ಹೋಗಬಹುದು ಅಂತ. ಟಿಬಿ ಲೆಕ್ಕದಲ್ಲಿ ಅದು 12.5. ಸರ್ವರ್ ದರ್ಜೆಯ ಡಿಸ್ಕ್‌ಗೆ ಸಾಮಾನ್ಯವಾಗಿ ಇನ್ನೊಂದು ಸೊನ್ನೆ ಹೆಚ್ಚು, ಅಂದರೆ 125 ಟಿಬಿ. ಡಿಸ್ಕ್‌ಗಳು ಈ ಸಾಲಿಗಿಂತ ಚೆನ್ನಾಗಿಯೇ ನಡೆದುಕೊಳ್ಳುವುದನ್ನು ನಾನು ನೋಡಿದ್ದೇನೆ. ಆದರೂ 56ನ್ನು ಇವೆರಡರ ಪಕ್ಕದಲ್ಲಿಟ್ಟು ನೋಡು. ಸಮಯದ ಲೆಕ್ಕ ಬೇರೆ. ಸೆಕೆಂಡಿಗೆ 200 ಎಂಬಿ ಬರೆದರೂ 8 ಟಿಬಿ ತುಂಬಲು ಹನ್ನೊಂದು ತಾಸು ಬೇಕು. ಅದೂ ಸರ್ವರ್ ಮೇಲೆ ಬೇರೆ ಯಾವ ಕೆಲಸವೂ ಇಲ್ಲದಿದ್ದರೆ. ಕೆಲಸ ನಡೆಯುತ್ತಿದ್ದರೆ ಅದು ಒಂದು ದಿನ, ಎರಡು ದಿನಕ್ಕೆ ಎಳೆಯುತ್ತದೆ. ಆ ಹೊತ್ತೆಲ್ಲ ಇನ್ನೊಂದು ಡಿಸ್ಕ್ ಬಿದ್ದರೆ ಎಲ್ಲವೂ ಹೋದಂತೆ. ಬೆಳಗ್ಗೆ ಹತ್ತರವರೆಗೆ ಕಾಯುವುದೆಂದರೆ ಆ ಅಪಾಯಕ್ಕೆ ಇನ್ನೂ ಒಂಬತ್ತು ತಾಸು ಸೇರಿಸಿದ ಹಾಗೆ.

1988ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದ ಪ್ಯಾಟರ್ಸನ್, ಗಿಬ್ಸನ್, ಕ್ಯಾಟ್ಜ್ ಮೂವರೂ ರೇಡ್ ಬಗ್ಗೆ ಬರೆದಾಗ ಅವರ ಮುಂದಿದ್ದದ್ದು 100 ಎಂಬಿಯ ಸಣ್ಣ ಡಿಸ್ಕ್‌ಗಳು. ಅವರು ಹೇಳಿದ್ದು ಒಂದರಿಂದ ಐದರವರೆಗಿನ ಹಂತಗಳನ್ನಷ್ಟೇ. ಎರಡು ಡಿಸ್ಕ್ ಹೋದರೂ ನಿಲ್ಲುವ ರೇಡ್ 6 ಆಮೇಲೆ ಬಂತು. ಇಂದಿನ ದೊಡ್ಡ ಡಿಸ್ಕ್‌ಗಳಿಗೆ ನಾನು ರೇಡ್ 5 ಹಾಕುವುದೇ ಇಲ್ಲ. ಯಾರಾದರೂ ‘ಒಂದು ಡಿಸ್ಕ್ ಜಾಗ ಉಳೀತದಲ್ಲ’ ಅಂದರೆ ನಾನು ಜಗಳಕ್ಕೇ ನಿಲ್ಲುತ್ತೇನೆ.

ಈಗ ನನ್ನ ರಾತ್ರಿ. 2011, ಗಣೇಶ ಚೌತಿಯ ಹಿಂದಿನ ಸಂಜೆ, ಅಂಧೇರಿಯ ಒಂದು ಕಂಪನಿ. 2 ಟಿಬಿಯ ಆರು ಡಿಸ್ಕ್, ರೇಡ್ 5, ಅದರ ಮೇಲೆ ಮೂರು ವಿಎಂ (ಒಂದೇ ಸರ್ವರ್‌ನೊಳಗೆ ಬೇರೆ ಬೇರೆಯಾಗಿ ನಡೆಯುವ ವರ್ಚುವಲ್ ಕಂಪ್ಯೂಟರ್): ಲೆಕ್ಕಪತ್ರ, ಮೇಲ್, ಫೈಲ್ ಸರ್ವರ್. ‘ಡಿಸ್ಕ್ 3 ಫೇಲ್’ ಅಂತ ಮೇಲ್ ಬಂದಿತ್ತು. ಮನೆಯಲ್ಲಿ ಚೌತಿಯ ತಯಾರಿ, ನನಗೆ ಲೋಕಲ್ ಹಿಡಿಯುವ ಅವಸರ. ಹಾಳಾದ ಡಿಸ್ಕ್‌ನ ದೀಪವೇ ಹೊತ್ತಿರಲಿಲ್ಲ. ಎಡದಿಂದ ಒಂದು, ಎರಡು, ಮೂರು ಎಂದು ಎಣಿಸಿ ಮೂರನೆಯದನ್ನು ಎಳೆದೆ. ಆ ಸರ್ವರ್‌ನಲ್ಲಿ ಎಣಿಕೆ ಸೊನ್ನೆಯಿಂದ ಶುರು. ನಾನು ಎಳೆದದ್ದು ಗಟ್ಟಿಮುಟ್ಟಾಗಿದ್ದ ಡಿಸ್ಕ್ 2. ಮೂರೂ ವಿಎಂ ಒಂದೇ ಏಟಿಗೆ ನಿಂತವು. ಫ್ಯಾನ್ ಸದ್ದು ಮಾತ್ರ ಹಾಗೇ ಇತ್ತು. ಆ ಸದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ.

ಹುಬ್ಬಳ್ಳಿ ಕಡೆಯ ನನ್ನ ಸೀನಿಯರ್‌ಗೆ ಫೋನ್ ಮಾಡಿದೆ. ಅವರು ಬೈಯಲಿಲ್ಲ. ‘ಯಾವ ಬಟನ್ನೂ ಒತ್ತಬ್ಯಾಡ. ಮೊದಲು ಸ್ಕ್ರೀನ್ ಮ್ಯಾಲೆ ಏನೇನದ ಎಲ್ಲಾ ಫೋಟೋ ತಗಿ, ಆಮೇಲೆ ಮಾತಾಡೂಣು’ ಅಂದರು. ಎಳೆದ ಡಿಸ್ಕನ್ನು ಅದೇ ಸ್ಲಾಟ್‌ಗೆ ಹಾಕಿದಾಗ ಕಂಟ್ರೋಲರ್ (ರೇಡ್ ನಡೆಸುವ ಕಾರ್ಡ್) ಅದನ್ನು ‘ಫಾರಿನ್’, ಅಂದರೆ ಹೊರಗಿನಿಂದ ಬಂದದ್ದು, ಅಂತ ತೋರಿಸಿತು. ಅಲ್ಲಿ ‘ಕ್ಲಿಯರ್’ (ಅದರ ಮೇಲಿನ ರೇಡ್ ಗುರುತು ಅಳಿಸು) ಅಂತಲೂ ಇರುತ್ತದೆ, ‘ಇಂಪೋರ್ಟ್’ (ಇದ್ದಂತೆಯೇ ಮರಳಿ ಸೇರಿಸು) ಅಂತಲೂ ಇರುತ್ತದೆ. ಅವಸರದಲ್ಲಿ ಕ್ಲಿಯರ್ ಒತ್ತಿ ಕೂತವರನ್ನು ಆಮೇಲೆ ಕಂಡಿದ್ದೇನೆ. ನಾವು ಇಂಪೋರ್ಟ್ ಮಾಡಿದೆವು, ಡಿಸ್ಕ್‌ಗಳ ಗುಂಪು ಮತ್ತೆ ಎದ್ದಿತು. ಹೊಸ ಡಿಸ್ಕ್ ಹಾಕಲು ಹೊರಟೆ, ಸೀನಿಯರ್ ತಡೆದರು. ರೀಬಿಲ್ಡ್ (ಮತ್ತೆ ಕಟ್ಟುವ ಕೆಲಸ) ಶುರುವಾದರೆ ಎಲ್ಲ ಡಿಸ್ಕ್‌ಗಳಿಗೂ ಒತ್ತಡ. ಮೊದಲು ಮುಖ್ಯವಾದದ್ದನ್ನು ಹೊರಗೆ ನಕಲು ಮಾಡು ಅಂದರು. ಬ್ಯಾಕಪ್ ಇದೆಯಲ್ಲ ಅಂತ ನಾನು ತೆರೆದು ನೋಡಿದರೆ, ಹದಿನಾಲ್ಕು ತಿಂಗಳಿಂದ ಪ್ರತಿ ರಾತ್ರಿ ‘ಸಕ್ಸಸ್’ ಎಂದು ಬರೆದುಕೊಂಡಿದ್ದ ಆ ಬ್ಯಾಕಪ್‌ನಲ್ಲಿದ್ದದ್ದು ಸಿ ಡ್ರೈವ್ ಮಾತ್ರ. ಲೆಕ್ಕಪತ್ರವಿದ್ದ ಡಿ ಡ್ರೈವ್ ಪಟ್ಟಿಯಲ್ಲೇ ಇರಲಿಲ್ಲ. ಪಟ್ಟಿ ಮಾಡಿದವನು ನಾನೇ. ಬೆಳಗಿನ ಐದರವರೆಗೆ ಯುಎಸ್‌ಬಿ ಡಿಸ್ಕ್‌ಗೆ ಡಿ ಡ್ರೈವ್ ನಕಲು ಮಾಡಿ, ಆಮೇಲೆ ಡಿಸ್ಕ್ ಬದಲಿಸಿ, ಮೊದಲ ಲೋಕಲ್ ಹಿಡಿದು ಪೂಜೆಗೆ ಹೋದೆ.

ಆದ್ದರಿಂದ ನಿನ್ನ ರಾತ್ರಿಯ ಕ್ರಮ ಇದು. ಕೊನೆಯ ಬ್ಯಾಕಪ್ ಯಾವಾಗ, ಅದರಲ್ಲಿ ಏನೇನಿದೆ ಎಂದು ನೋಡು. ಅದರಿಂದ ಒಂದು ಫೈಲ್ ನಿಜವಾಗಿ ಹೊರತೆಗೆದು ತೆರೆ. ಕಂಟ್ರೋಲರ್‌ನಿಂದಲೇ ಆ ಡಿಸ್ಕ್‌ನ ದೀಪ ಮಿನುಗಿಸಿ, ಸೀರಿಯಲ್ ನಂಬರ್ ಬರೆದುಕೋ. ಸೀನಿಯರ್‌ಗೆ ಮೆಸೇಜ್‌ನಲ್ಲಿ ಇಷ್ಟೂ ಕಳಿಸಿ ‘ಬದಲಿಸಲೇ?’ ಎಂದು ಕೇಳು. ಒಪ್ಪಿಗೆ ಬರಹದಲ್ಲಿ ಬರಲಿ. ಎಳೆದ ಡಿಸ್ಕ್‌ನ ಮೇಲಿನ ನಂಬರ್ ಮತ್ತೊಮ್ಮೆ ನೋಡಿ, ಹೊಸದನ್ನು ಹಾಕು. ಏಳು ತಿಂಗಳ ಹುಡುಗ ರಾತ್ರಿ ಒಂದಕ್ಕೆ ಇಂಥ ಪ್ರಶ್ನೆ ಕೇಳಿದ್ದು ನನಗೆ ತುಂಬ ಸಂತೋಷ ಕೊಟ್ಟಿದೆ.

ಪ್ರಶ್ನೆ: ನನ್ನ ಮಗ ‘ವರ್ಚುವಲೈಸೇಶನ್’ ಕೆಲಸ ಅಂತಾನೆ. ಒಂದು ಕಂಪ್ಯೂಟರ್‌ನಲ್ಲಿ ಮೂವತ್ತು ಕಂಪ್ಯೂಟರ್ ಇವೆಯಂತೆ. ಕೇಳಿದರೆ ‘ನಿನಗೆ ಅರ್ಥ ಆಗಲ್ಲ ಬಿಡಮ್ಮ’ ಅಂತಾನೆ. ನನಗೆ ಅರ್ಥ ಆಗುವ ಹಾಗೆ ಹೇಳುವಿರಾ? (ಮಾಟುಂಗಾ)

ಉತ್ತರ: ಅಮ್ಮಾ, ಖಂಡಿತ ಅರ್ಥವಾಗುತ್ತದೆ. ನಾನು ಬೆಳೆದದ್ದು ಪರೇಲ್‌ನ ಚಾಳ್‌ನಲ್ಲಿ. ಮಹಡಿಗೆ ಹದಿನಾರು ಖೋಲಿ. ಪ್ರತಿ ಖೋಲಿಗೂ ಅದರದೇ ಬಾಗಿಲು, ಅದರದೇ ಬೀಗ, ಒಳಗೆ ಅವರವರ ಸಂಸಾರ. ಗೋಡೆ, ಮಾಡು, ಮೆಟ್ಟಿಲು ಮಾತ್ರ ಎಲ್ಲರಿಗೂ ಸೇರಿ ಒಂದೇ. ನಿಮ್ಮ ಮಗ ನೋಡಿಕೊಳ್ಳುವ ದೊಡ್ಡ ಸರ್ವರ್ ಆ ಕಟ್ಟಡ. ಅದರೊಳಗಿನ ವಿಎಂಗಳು ಖೋಲಿಗಳು. ಒಂದರಲ್ಲಿ ಬ್ಯಾಂಕ್ ಲೆಕ್ಕ, ಇನ್ನೊಂದರಲ್ಲಿ ಆಸ್ಪತ್ರೆಯ ದಾಖಲೆ. ಇವರ ಮನೆ ವಿಷಯ ಅವರಿಗೆ ತಿಳಿಯುವುದಿಲ್ಲ. ಯಾರಿಗೆ ಎಷ್ಟು ಜಾಗ ಅಂತ ಹಂಚುವ ಪ್ರೋಗ್ರಾಂಗೆ ಹೈಪರ್‌ವೈಸರ್ ಅನ್ನುತ್ತಾರೆ. ಇದು ನಿನ್ನೆ ಮೊನ್ನೆಯ ವಿದ್ಯೆಯೂ ಅಲ್ಲ. ಐಬಿಎಂನವರು 1972ರಲ್ಲೇ ದೊಡ್ಡ ಕಂಪ್ಯೂಟರ್‌ಗಳಿಗೆ ಇಂಥ ವ್ಯವಸ್ಥೆ ಕೊಟ್ಟಿದ್ದರು.

ನಮ್ಮ ಚಾಳ್‌ನ ಜಗಳವೆಲ್ಲ ನಳ್ಳಿಯ ಹತ್ತಿರ, ನಿಮಗೂ ಗೊತ್ತಿರಬೇಕು. ಖೋಲಿ ಹದಿನಾರು, ನಳ್ಳಿ ಒಂದು, ನೀರು ಬರುವುದು ಬೆಳಗ್ಗೆ ಐದಕ್ಕೆ. ಸರ್ವರ್‌ನಲ್ಲಿ ಆ ನಳ್ಳಿಯೇ ಡಿಸ್ಕ್. ತಿರುಗುವ ಹಳೇ ಡಿಸ್ಕ್ ನಿಮಿಷಕ್ಕೆ 7200 ಸುತ್ತು ತಿರುಗುತ್ತದೆ, ಸೆಕೆಂಡಿಗೆ 120. ಬೇಕಾದ ಜಾಗ ಸೂಜಿಯ ಕೆಳಗೆ ಬರುವವರೆಗೆ ಕಾಯಬೇಕು, ಸೂಜಿಯೂ ಸರಿಯಬೇಕು. ಹೀಗಾಗಿ ಚದುರಿಬಿದ್ದ ಸಣ್ಣ ಸಣ್ಣ ಕೋರಿಕೆಗಳಾದರೆ ಸೆಕೆಂಡಿಗೆ ಎಂಬತ್ತೋ ನೂರೋ ಕೊಡ, ಅಷ್ಟೇ. ಬೆಳಗ್ಗೆ ಒಂಬತ್ತೂವರೆಗೆ ಆಫೀಸಿನವರೆಲ್ಲ ಒಟ್ಟಿಗೆ ಲಾಗಿನ್ ಆದರೆ ಮೂವತ್ತು ಖೋಲಿಯವರೂ ಕೊಡ ಹಿಡಿದು ನಿಂತಂತೆ. ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆಯೇ ಇಲ್ಲ, ಅದು ಸೆಕೆಂಡಿಗೆ ಸಾವಿರಗಟ್ಟಲೆ ಕೊಡ ತುಂಬುತ್ತದೆ. ನಿಮ್ಮ ಮಗನ ಕೆಲಸ ಈ ಸಾಲು ಬೆಳೆಯದಂತೆ, ಕಟ್ಟಡ ಬೀಳದಂತೆ ನೋಡಿಕೊಳ್ಳುವುದು. ಇವತ್ತು ಅವನು ಬಂದಾಗ ‘ಸ್ಟೋರೇಜ್ ಲೇಟೆನ್ಸಿ ಎಷ್ಟಿದೆ ಮಗಾ?’ ಎಂದು ಕೇಳಿ, ಅಂದರೆ ನಳ್ಳಿಯ ಹತ್ತಿರ ಎಷ್ಟು ಹೊತ್ತು ಕಾಯಬೇಕು ಅಂತ. ಕೂತು ಎಲ್ಲ ಹೇಳುತ್ತಾನೆ.

ಪ್ರಶ್ನೆ: ಕಲಿಯಲು ಮನೆಯಲ್ಲಿ ಲ್ಯಾಬ್ ಮಾಡಬೇಕೆಂದಿದ್ದೇನೆ. ಲ್ಯಾಮಿಂಗ್ಟನ್ ರೋಡ್‌ನಲ್ಲಿ ಎರಡು ಪ್ರೊಸೆಸರ್‌ನ ಹಳೇ 2ಯು (ರ್‍ಯಾಕ್‌ನಲ್ಲಿ ಕೂರಿಸುವ) ಸರ್ವರ್ ಅಗ್ಗಕ್ಕೆ ಸಿಗುತ್ತಿದೆ. ತೆಗೆದುಕೊಳ್ಳಲೇ? (ಡೊಂಬಿವಲಿ)

ಉತ್ತರ: ನಿಮ್ಮದು ಒಂದು ಕೋಣೆ, ಒಂದು ಅಡುಗೆಮನೆ ಎಂದು ಬರೆದಿದ್ದೀರಿ. ಹಾಗಿದ್ದರೆ ಬೇಡ. ಸುಮ್ಮನೆ ಕೂತಾಗಲೇ 150 ವಾಟ್ ಎಳೆದರೆ ತಿಂಗಳಿಗೆ 108 ಯುನಿಟ್. ನಿಮ್ಮ ಬಿಲ್ಲಿನ ದರದಿಂದ ಗುಣಿಸಿ ನೋಡಿ. ಅದರ ಸಣ್ಣ ಫ್ಯಾನ್‌ಗಳ ಸದ್ದಿನಲ್ಲಿ ಮನೆಯವರು ಮಲಗಲಾರರು. ಆಫೀಸುಗಳು ಮಾರಿದ ಹಳೇ ಡೆಸ್ಕ್‌ಟಾಪ್ ತೆಗೆದುಕೊಂಡು, ರ್‍ಯಾಮ್ 32 ಜಿಬಿ ಮಾಡಿ, ಒಂದು ಎಸ್‌ಎಸ್‌ಡಿ ಹಾಕಿ. ಬಯಾಸ್‌ನಲ್ಲಿ ವರ್ಚುವಲೈಸೇಶನ್ ಆನ್ ಆಗುತ್ತದೆಯೇ ಎಂದು ಅಂಗಡಿಯಲ್ಲೇ ತೋರಿಸಿಕೊಳ್ಳಿ. ಅಲ್ಲಿ ಸರ್ವರ್‌ಗಳಿಂದ ತೆಗೆದ ‘ರಿಜಿಸ್ಟರ್ಡ್’ ರ್‍ಯಾಮ್ ಬಹಳ ಅಗ್ಗಕ್ಕೆ ಸಿಗುತ್ತದೆ. ಅದು ಸಾಮಾನ್ಯ ಡೆಸ್ಕ್‌ಟಾಪ್‌ನಲ್ಲಿ ನಡೆಯುವುದಿಲ್ಲ, ಬೆಲೆ ನೋಡಿ ಮರುಳಾಗಬೇಡಿ. ಪ್ರಾಕ್ಸ್‌ಮಾಕ್ಸ್ ಎಂಬ ಹೈಪರ್‌ವೈಸರ್ ಹಾಕಿಕೊಳ್ಳಿ, ಖರ್ಚಿಲ್ಲ. ಅದರ ಕೆಳಗಿದ್ದು ವಿಎಂಗಳನ್ನು ನಡೆಸುವ ಕೆವಿಎಂ 2007ರಿಂದ ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲೇ ಇದೆ. ಮೊದಲ ವಾರವೇ ಒಂದು ವಿಎಂ ಮಾಡಿ, ಬ್ಯಾಕಪ್ ತೆಗೆದು, ಆ ವಿಎಂ ಅಳಿಸಿ, ಬ್ಯಾಕಪ್‌ನಿಂದ ಮರಳಿ ತನ್ನಿ. ಕೈ ನಡುಗುವುದು ಮನೆಯಲ್ಲೇ ನಿಲ್ಲಲಿ.

ಪ್ರಶ್ನೆ: ನಮ್ಮ ಕಾರ್ಖಾನೆಯ ವಿಎಂಗಳನ್ನು ವಿಎಂವೇರ್ ಕಂಪನಿಯ ಹೈಪರ್‌ವೈಸರ್‌ನಿಂದ ಪ್ರಾಕ್ಸ್‌ಮಾಕ್ಸ್‌ಗೆ ಸಾಗಿಸುತ್ತಿದ್ದೇವೆ. ಲಿನಕ್ಸ್ ಬಂತು, ಆದರೆ ನೆಟ್‌ವರ್ಕ್ ಇಲ್ಲ. ವಿಂಡೋಸ್ ಏಳುವುದೇ ಇಲ್ಲ, ನೀಲಿ ಪರದೆ. ಸ್ನ್ಯಾಪ್‌ಶಾಟ್ (ವಿಎಂ ಆ ಕ್ಷಣ ಇದ್ದ ಸ್ಥಿತಿಯ ಗುರುತು) ಇದೆ, ಹಾಗಾಗಿ ಧೈರ್ಯವಾಗಿದ್ದೇವೆ. (ಪಿಂಪ್ರಿ)

ಉತ್ತರ: ಬ್ರಾಡ್‌ಕಾಮ್ ಕಂಪನಿ 2023ರ ನವೆಂಬರ್‌ನಲ್ಲಿ ವಿಎಂವೇರ್ ಕೊಂಡ ಮೇಲೆ ಶಾಶ್ವತ ಲೈಸೆನ್ಸ್ ಮಾರಾಟ ನಿಂತಿತು. ಅಂದಿನಿಂದ ಪುಣೆ ಕಡೆಯಿಂದ ಈ ಪ್ರಶ್ನೆ ಬರುತ್ತಲೇ ಇದೆ. ನೀಲಿ ಪರದೆಗೆ ಕಾರಣ, ವಿಂಡೋಸ್‌ನಲ್ಲಿ ವರ್ಟ್‌ಐಓ ಡ್ರೈವರ್ (ಪ್ರಾಕ್ಸ್‌ಮಾಕ್ಸ್ ಕೊಡುವ ವರ್ಚುವಲ್ ಡಿಸ್ಕ್ ಗುರುತಿಸಲು ಬೇಕಾದದ್ದು) ಇಲ್ಲ. ತನ್ನದೇ ಡಿಸ್ಕ್ ಅದಕ್ಕೆ ಕಾಣುತ್ತಿಲ್ಲ. ಬೂಟ್ ಡಿಸ್ಕನ್ನು ಸದ್ಯಕ್ಕೆ ಸಾಟಾ ಎಂದು ಜೋಡಿಸಿ ಎಬ್ಬಿಸಿ. ಜೊತೆಗೆ 1 ಜಿಬಿಯ ಖಾಲಿ ಡಿಸ್ಕ್ ಒಂದನ್ನು ವರ್ಟ್‌ಐಓ ಸ್ಕಸಿ ಎಂದು ಸೇರಿಸಿ, ಡ್ರೈವರ್ ಹಾಕಿ. ವಿಂಡೋಸ್ ಅದನ್ನು ಗುರುತಿಸಿದ ಮೇಲೆ ಬೂಟ್ ಡಿಸ್ಕನ್ನೂ ಹಾಗೆಯೇ ಬದಲಿಸಿ. ಉಳಿದ ವಿಎಂಗಳಿಗೆ ಸಾಗಿಸುವ ಮೊದಲೇ ಡ್ರೈವರ್ ಹಾಕಿ, ವಿಎಂವೇರ್ ಟೂಲ್ಸ್ ತೆಗೆದುಬಿಡಿ. ಲಿನಕ್ಸ್‌ನಲ್ಲಿ ನೆಟ್‌ವರ್ಕ್ ಕಾರ್ಡ್‌ನ ಹೆಸರು ಇಎನ್‌ಎಸ್ 192 ಇದ್ದದ್ದು ಇಎನ್‌ಎಸ್ 18 ಆಗಿರಬೇಕು, ಕಾನ್ಫಿಗ್‌ನಲ್ಲಿ ತಿದ್ದಿ.

ನಿಮ್ಮ ಧೈರ್ಯದ ಬಗ್ಗೆ ಮಾತ್ರ ನನಗೆ ಕಳವಳ. ಸ್ನ್ಯಾಪ್‌ಶಾಟ್ ಇರುವುದು ಅದೇ ಸ್ಟೋರೇಜ್ ಮೇಲೆ, ಮೂಲ ಡಿಸ್ಕ್ ಫೈಲ್‌ಗೆ ಅಂಟಿಕೊಂಡು. ಸ್ಟೋರೇಜ್ ಹೋದರೆ ಎರಡೂ ಹೋಗುತ್ತವೆ. ಅದನ್ನು ದಿನಗಟ್ಟಲೆ ಬಿಟ್ಟರೆ ಬದಲಾವಣೆಗಳ ಫೈಲ್ ಬೆಳೆಯುತ್ತ ಹೋಗಿ ಡೇಟಾಸ್ಟೋರ್ (ವಿಎಂ ಫೈಲ್‌ಗಳಿರುವ ಜಾಗ) ತುಂಬಿ ವಿಎಂಗಳು ನಿಲ್ಲುತ್ತವೆ. ಇಂದೇ ಬೇರೆ ಪೆಟ್ಟಿಗೆಗೆ ಪೂರ್ತಿ ಬ್ಯಾಕಪ್ ತೆಗೆಯಿರಿ.

ಪ್ರಶ್ನೆ: ಅಂಗಡಿ ಸಮುದ್ರಕ್ಕೆ ಹತ್ತಿರ. ಮಳೆಗಾಲ ಬಂದರೆ ಸರ್ವರ್‌ನಲ್ಲಿ ಮೆಮೊರಿ ಎರರ್. (ವಾಸ್ಕೋ)

ಉತ್ತರ: ಉಪ್ಪುಗಾಳಿ. ಆಫ್ ಮಾಡಿ, ರ್‍ಯಾಮ್ ತೆಗೆದು, ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಕಾಂಟ್ಯಾಕ್ಟ್ ಒರೆಸಿ, ಪೂರ್ತಿ ಒಣಗಿದ ಮೇಲೆ ಹಾಕಿ. ಕಿಟಕಿ ತೆರೆದಿಡಬೇಡಿ. ಎಸಿ 18ಕ್ಕೆ ಇಳಿಸಬೇಡಿ, 24-25 ಸಾಕು. ತಣ್ಣಗಾದ ಲೋಹದ ಮೇಲೆ ಹೊರಗಿನ ತೇವದ ಗಾಳಿ ಬಡಿದರೆ ನೀರು ಹನಿಗಟ್ಟುತ್ತದೆ. ನಿಮ್ಮದು ಇಸಿಸಿ ರ್‍ಯಾಮ್ ಆದ್ದರಿಂದ ಒಂದು ಬಿಟ್ ತಪ್ಪಿದರೆ ತಾನೇ ತಿದ್ದಿ ಲಾಗ್‌ನಲ್ಲಿ ಬರೆಯುತ್ತದೆ. ಒರೆಸಿದ ಮೇಲೂ ಅದೇ ಸ್ಲಾಟ್‌ನ ಹೆಸರು ಮತ್ತೆ ಮತ್ತೆ ಬಂದರೆ ಅಲ್ಲಿನ ರ್‍ಯಾಮ್ ಬದಲಿಸಿ.

ಪ್ರಶ್ನೆ: ನಮ್ಮ ಸಂಘದ ಹಳೇ ಫೋಟೋ, ಸದಸ್ಯರ ಪುಸ್ತಕ, ನಾಟಕದ ಕರಪತ್ರ ಎಲ್ಲ ಸ್ಕ್ಯಾನ್ ಮಾಡಿ ಎರಡು ಡಿಸ್ಕ್‌ನ ಪೆಟ್ಟಿಗೆಯಲ್ಲಿ ಇಟ್ಟಿದ್ದೇವೆ. ಒಂದರಲ್ಲಿ ಇದ್ದದ್ದೇ ಇನ್ನೊಂದರಲ್ಲೂ ಇದೆ. ಇಷ್ಟು ಸಾಕಲ್ಲವೇ? (ಮುಲುಂಡ್)

ಉತ್ತರ: ಸಾಲದು. ನಾಳೆ ಯಾರೋ ಗೊತ್ತಿಲ್ಲದೆ ಒಂದು ಫೋಲ್ಡರ್ ಅಳಿಸಿದರೆ ಎರಡರಲ್ಲೂ ಅದೇ ಕ್ಷಣ ಅಳಿಯುತ್ತದೆ. ಇನ್ನು, ಪೆಟ್ಟಿಗೆ ನೆಲಮಹಡಿಯ ಕಚೇರಿಯಲ್ಲಿದೆ ಎಂದಿದ್ದೀರಿ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿಯಿತು. ಮೂರನೇ ದಿನ ಕಲೀನಾದ ಒಂದು ನೆಲಮಹಡಿ ಕಚೇರಿಗೆ ಹೋಗಿದ್ದೆ. ಸರ್ವರ್ ತೆರೆದರೆ ಒಳಗಿಂದ ಕೆಸರು ನೀರು ಸುರಿಯಿತು. ಅವರದ್ದೂ ಎರಡು ಡಿಸ್ಕ್ ಇತ್ತು, ಒಂದೇ ಪೆಟ್ಟಿಗೆಯಲ್ಲಿ.

ಪೆಟ್ಟಿಗೆಯನ್ನು ಮೇಲಿನ ಮಹಡಿಗೆ ಸಾಗಿಸಿ. ಒಂದು ಹೊರಗಿನ ಹಾರ್ಡ್ ಡಿಸ್ಕ್ ಕೊಂಡು ಎಲ್ಲವನ್ನೂ ನಕಲು ಮಾಡಿ. ಕಪಾಟಿನಲ್ಲಿ ವರ್ಷಗಟ್ಟಲೆ ಇಡಲು ಎಸ್‌ಎಸ್‌ಡಿ ಬೇಡ, ಕರೆಂಟ್ ಇಲ್ಲದೆ ಬಹಳ ಕಾಲ ಇಟ್ಟರೆ ಅದರಲ್ಲಿರುವುದು ಮಾಸಬಹುದು. ಸದಸ್ಯರ ಪುಸ್ತಕದಲ್ಲಿ ಮನೆ ವಿಳಾಸಗಳಿವೆ, ಆದ್ದರಿಂದ ಪಾಸ್‌ವರ್ಡ್ ಹಾಕಿ, ಆ ಪಾಸ್‌ವರ್ಡ್ ಇಬ್ಬರು ಪದಾಧಿಕಾರಿಗಳ ಹತ್ತಿರ ಇರಲಿ. ಮೇ ರಜೆಯಲ್ಲಿ ನಿಮ್ಮವರು ಯಾರಾದರೂ ಮತ್ಸ್ಯಗಂಧಾ ರೈಲಿನಲ್ಲಿ ಉಡುಪಿಗೆ ಹೊರಟೇ ಹೊರಡುತ್ತಾರೆ. ಡಿಸ್ಕನ್ನು ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ ಅವರ ಕೈಚೀಲದಲ್ಲಿಡಿ. ಊರಿನ ಮನೆಗೆ ಮುಟ್ಟಿದ ಮೇಲೆ ಅವರು ಅದನ್ನು ಲ್ಯಾಪ್‌ಟಾಪ್‌ಗೆ ಹಚ್ಚಿ, ಯಾವುದಾದರೂ ಹತ್ತು ಫೋಟೋ ತೆರೆದು ನೋಡಿ, ನಿಮಗೆ ಫೋನ್ ಮಾಡಲಿ. ಮುಂದಿನ ಮೇ ತಿಂಗಳಲ್ಲಿ ಹೋಗುವವರು ಹೊಸ ನಕಲು ಒಯ್ದು, ಹಳೆಯದನ್ನು ವಾಪಸ್ ತರಲಿ.