ಧ್ವನಿಪೆಟ್ಟಿಗೆ ತೆಗೆದ್ರೆ ಅಪ್ಪ ಮತ್ತೆ ಮಾತಾಡ್ತಾರಾ?

ಪ್ರಶ್ನೆ: ಡಾಕ್ಟ್ರೇ, ನಮ್ಮಪ್ಪನಿಗೆ 58 ವರ್ಷ, ಟೊಮೆಟೊ ಮಂಡೀಲಿ ಹರಾಜು ಕೂಗೋ ಕೆಲಸ, ಬೀಡಿ ಅಭ್ಯಾಸ ಮೊದಲಿಂದ್ಲೂ ಇದೆ. ಐದು ತಿಂಗಳಿಂದ ಗಂಟಲು ಕಟ್ಟಿತ್ತು, ಕೂಗಿ ಕೂಗಿ ಹಂಗಾಗಿದೆ ಅಂತ ಸುಮ್ನಿದ್ವಿ. ಹೋದ ತಿಂಗಳು ರಾತ್ರಿ ಉಸಿರು ಸಿಗದೆ ಒದ್ದಾಡಿದ್ರು, ಆಸ್ಪತ್ರೇಲಿ ಕತ್ತಿಗೆ ತೂತು ಮಾಡಿ ಪೈಪ್ ಹಾಕಿದ್ರು. ಕ್ಯಾನ್ಸರ್ ಗಂಟಲಿನ ಮೆತ್ತನೆ ಮೂಳೆ ತಿಂದು ಹೊರಗೆ ಬಂದಿದೆ, ಎಡಗಡೆ ಗಂಟೂ ಇದೆ, ಧ್ವನಿಪೆಟ್ಟಿಗೆ ಪೂರ್ತಿ ತೆಗೀಬೇಕು ಅಂತಿದ್ದಾರೆ. ಅಪ್ಪ "ಮಾತಿಲ್ದೆ ಇದ್ದು ಏನ್ ಮಾಡ್ಲಿ" ಅಂತ ಮೊಮ್ಮಗನ ಸ್ಲೇಟಲ್ಲಿ ಬರೆದು ತೋರಿಸ್ತಾರೆ. ಚಿಕ್ಕಪ್ಪ ಆಪರೇಷನ್ ಬೇಡ, ಕತ್ತಿ ತಾಗಿದ್ರೆ ಹರಡತ್ತೆ, ಕರೆಂಟು (ರೇಡಿಯೇಷನ್) ಕೀಮೋ ಸಾಕು ಅಂತಾರೆ. ಏನ್ ಮಾಡೋದು? ಎಷ್ಟು ವರ್ಷ ಇರ್ತಾರೆ?
– ಹೆಸರು ಬೇಡ, ಕೋಲಾರ ಜಿಲ್ಲೆ

ಉತ್ತರ: ಅಮ್ಮಾ, ಮೊದಲೇ ಹೇಳಿಬಿಡ್ತೀನಿ, ನಿಮ್ಮ ಡಾಕ್ಟ್ರು ಹೇಳ್ತಿರೋದು ಸರಿ, ಆಪರೇಷನ್ ಮಾಡ್ಸಿ, ಇನ್ನು ತಡ ಮಾಡ್ಬೇಡಿ. ಕತ್ತಿ ತಾಗಿದ್ರೆ ಹರಡತ್ತೆ ಅನ್ನೋದು ಸುಳ್ಳು.

ನಿಮ್ಮ ಚಿಕ್ಕಪ್ಪನವರು ಆ ಮಾತು ಎಲ್ಲಿ ಕೇಳಿದ್ರೋ ಗೊತ್ತಿಲ್ಲ, ಆದ್ರೆ ಕರೆಂಟು ಕೀಮೋ ಬಗ್ಗೆ ಹೇಳಿದ್ದು ಪೂರ್ತಿ ತಪ್ಪೇನಲ್ಲ. 1991ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ಮುಂದುವರಿದ ಧ್ವನಿಪೆಟ್ಟಿಗೆ ಕ್ಯಾನ್ಸರ್ ಇದ್ದ 332 ಜನರನ್ನ ಎರಡು ಗುಂಪು ಮಾಡಿ ನೋಡಿದ್ರು, ಒಂದು ಗುಂಪಿಗೆ ಆಪರೇಷನ್ ಮಾಡಿ ಆಮೇಲೆ ಕರೆಂಟು, ಇನ್ನೊಂದಕ್ಕೆ ಮೊದಲು ಕೀಮೋ ಆಮೇಲೆ ಕರೆಂಟು. ಎರಡು ವರ್ಷದ ಮೇಲೆ ಎರಡೂ ಕಡೆ ನೂರಕ್ಕೆ 68 ಜನ ಉಳಿದಿದ್ರು, ಕೀಮೋ ಗುಂಪಲ್ಲಿ ನೂರಕ್ಕೆ 64 ಜನರ ಧ್ವನಿಪೆಟ್ಟಿಗೇನೂ ಉಳೀತು. ಅವತ್ತಿಂದ ಪೆಟ್ಟಿಗೆ ಉಳಿಸೋ ದಾರಿ ಶುರುವಾಯ್ತು, ಎಷ್ಟೋ ಜನಕ್ಕೆ ಒಳ್ಳೇದೂ ಆಗಿದೆ. ಆದ್ರೆ ಅದೇ ಅಧ್ಯಯನದಲ್ಲಿ, ಗಡ್ಡೆ ನಿಮ್ಮಪ್ಪನ ಥರ ನಾಲ್ಕನೇ ಹಂತಕ್ಕೆ ಬೆಳೆದಿದ್ದವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನಕ್ಕೆ ಕೊನೆಗೆ ಪೆಟ್ಟಿಗೆ ತೆಗೀಲೇಬೇಕಾಯ್ತು. 2003ರಲ್ಲಿ ಬಂದ ಇನ್ನೊಂದು ದೊಡ್ಡ ಅಧ್ಯಯನ ಕೀಮೋ ಕರೆಂಟು ಎರಡೂ ಒಟ್ಟಿಗೆ ಕೊಟ್ರೆ ಪೆಟ್ಟಿಗೆ ಇನ್ನೂ ಚೆನ್ನಾಗಿ ಉಳಿಯತ್ತೆ ಅಂತ ತೋರಿಸ್ತು, ಆದ್ರೆ ಮೆತ್ತನೆ ಮೂಳೆ ಹಿಂಗೆ ತಿಂದುಹೋದವರನ್ನ ಅದಕ್ಕೆ ಸೇರಿಸ್ಕೊಂಡೇ ಇರಲಿಲ್ಲ. ಇದನ್ನ ಚಿಕ್ಕಪ್ಪನಿಗೆ ಓದಿ ಹೇಳಿ.

ಮೂಳೆ ಒಡೆದ ಪೆಟ್ಟಿಗೇನ ಉಳಿಸ್ಕೊಂಡ್ರೂ ಅದು ಕೆಲಸ ಮಾಡ್ಬೇಕಲ್ಲ, ಕರೆಂಟು ಮುಗಿದ ಮೇಲೆ ಎಷ್ಟೋ ಜನಕ್ಕೆ ಗುಟುಕು ನೀರು ಕುಡಿದ್ರೂ ಶ್ವಾಸಕೋಶಕ್ಕೆ ಹೋಗತ್ತೆ, ಪೈಪೂ ತೆಗೆಯೋಕಾಗಲ್ಲ, ಧ್ವನೀನೂ ಬರಲ್ಲ. ಆಮೇಲೆ ಆಪರೇಷನ್ ಮಾಡೋಣ ಅಂದ್ರೆ ಕರೆಂಟಿಂದ ಸುಟ್ಟ ಚರ್ಮ ಬೇಗ ಕೂಡಲ್ಲ, ಹೊಲಿಗೆ ಬಿಟ್ಟು ಎಂಜಲು ಕತ್ತಿಂದ ಸೋರತ್ತೆ. ಅಂಥವರನ್ನ ವಾರಗಟ್ಟಲೆ ಡ್ರೆಸಿಂಗ್ ಮಾಡಿ ಮಾಡಿ ನೋಡಿದ್ದೀನಿ, ಅದಕ್ಕೇ ಇಷ್ಟು ಒತ್ತಿ ಹೇಳ್ತಿರೋದು.

ಎಷ್ಟು ವರ್ಷ ಅಂತ ಕೇಳಿದ್ರಿ. ಒಬ್ಬರ ಬಗ್ಗೆ ಯಾರೂ ಲೆಕ್ಕ ಹಾಕಿ ಹೇಳೋಕಾಗಲ್ಲ. ಕತ್ತಿನ ಗಂಟಿಗೆ ಹೋಗಿದ್ರೆ ಗುಣ ಆಗೋ ಅವಕಾಶ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯತ್ತೆ ಅನ್ನೋದು ನಿಜ, ಮುಚ್ಚಿಡಲ್ಲ. ಅದಕ್ಕೇ ಅದೇ ಆಪರೇಷನ್ನಲ್ಲಿ ಕತ್ತಿನ ಗಂಟುಗಳನ್ನೂ ತೆಗೀತಾರೆ, ಆಮೇಲೆ ಸುಮಾರು ಆರು ವಾರ ಕರೆಂಟು, ಅದು ಆಪರೇಷನ್ ಆಗಿ ಆರು ವಾರದೊಳಗೆ ಶುರುವಾಗ್ಲೇಬೇಕು, ಹಬ್ಬ ಮದುವೆ ಅಂತ ಮುಂದಕ್ಕೆ ಹಾಕ್ಬೇಡಿ. ತಿರುಗಿ ಬರೋದಿದ್ರೆ ಹೆಚ್ಚಾಗಿ ಮೊದಲ ಎರಡು ವರ್ಷದಲ್ಲೇ ಬರತ್ತೆ, ಚೆಕಪ್ ಒಂದೂ ತಪ್ಪಿಸ್ಬೇಡಿ. ಬೀಡಿ ಇವತ್ತೇ ನಿಲ್ಬೇಕು.

ಇನ್ನು ಮಾತು. ಪೆಟ್ಟಿಗೆ ತೆಗೆದ ಮೇಲೆ ಕತ್ತಿನ ತೂತೇ ಜೀವನಪೂರ್ತಿ ಉಸಿರಿನ ದಾರಿ, ಬಾಯಿಗೂ ಶ್ವಾಸಕೋಶಕ್ಕೂ ಸಂಬಂಧ ಇರಲ್ಲ. ಆದ್ರೆ ಉಸಿರುನಾಳಕ್ಕೂ ಅನ್ನನಾಳಕ್ಕೂ ನಡುವೆ ಒಂದು ಪುಟ್ಟ ವಾಲ್ವ್ ಇಟ್ರೆ, ತೂತನ್ನ ಬೆರಳಲ್ಲಿ ಮುಚ್ಚಿ ಉಸಿರು ಬಿಟ್ಟಾಗ ಗಾಳಿ ಅನ್ನನಾಳಕ್ಕೆ ನುಗ್ಗಿ ಅದರ ಗೋಡೆ ಅದುರತ್ತೆ, ಅದೇ ಧ್ವನಿ. ನಮ್ಮಲ್ಲಿಗೆ ಬರ್ತಿದ್ದ ಒಬ್ಬ ಹಿರಿಯರು ವಾಲ್ವ್ ಹಾಕಿದ ದಿನ ಹೆಬ್ಬೆರಳು ಒತ್ತಿ, ಎರಡು ಸಲ ಬರೀ ಬುಸ್ ಅಂದು, ಮೂರನೇ ಸಲಕ್ಕೆ ಗಡಸಾಗಿ "ಸಾವಿತ್ರೀ" ಅಂದ್ರು, ಹೆಂಡ್ತಿ ಬಾಗಿಲ ಹತ್ರ ನಿಂತಿದ್ರು, ಓಗೊಟ್ಟಿದ್ದೇ ಅತ್ತುಬಿಟ್ರು. ಹರಾಜು ಕೂಗೋ ಗಂಟಲು ವಾಪಸ್ ಬರಲ್ಲ ಅಮ್ಮಾ, ಅದು ನಿಜ. ಮನೇಲಿ, ಫೋನಲ್ಲಿ ಮಾತಾಡಬಹುದು, ಮಂಡೀಲಿ ಲೆಕ್ಕ ಬರೆಯೋ ಕೆಲಸ ಮಾಡಬಹುದು. ಹೊರದೇಶದ ವಾಲ್ವ್ ದುಬಾರಿ, ಬೆಂಗಳೂರಿನ ಡಾ. ವಿಶಾಲ್ ರಾವ್ ಅವರು ಸುಮಾರು 50 ರೂಪಾಯಿಯ 'ಓಂ' ಅನ್ನೋ ವಾಲ್ವ್ ಮಾಡಿದ್ದಾರೆ, ನಿಮ್ಮ ಸರ್ಜನ್ ಹತ್ರ ವಿಚಾರಿಸಿ. ಮಾತು ಕಲಿಸೋಕೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ ಇದೆ. ಬಿಪಿಎಲ್ ಕಾರ್ಡ್ ಇದ್ರೆ ಆಯುಷ್ಮಾನ್‌ನಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಸಿಗತ್ತೆ, ಕಿದ್ವಾಯಿಯಲ್ಲೂ ಕೇಳಿ. ಆಪರೇಷನ್‌ಗೆ ಮುಂಚೆ, ಈಗಾಗ್ಲೇ ವಾಲ್ವ್ ಹಾಕಿಸ್ಕೊಂಡಿರೋ ಒಬ್ಬರನ್ನ ನಿಮ್ಮಪ್ಪನ ಎದುರು ಕೂರಿಸಿ ಮಾತಾಡಿಸೋಕೆ ಹೇಳಿ, ನಾನು ಇಷ್ಟು ಬರೆದಿದ್ದಕ್ಕಿಂತ ಅದು ಜಾಸ್ತಿ ಕೆಲಸ ಮಾಡತ್ತೆ.

ಪ್ರಶ್ನೆ: ನನಗೆ ಇದೇ ಆಪರೇಷನ್, ಕರೆಂಟು ಎಲ್ಲಾ ಆಗಿ ಹತ್ತು ತಿಂಗಳು. ಈಗ ಸದಾ ಸುಸ್ತು, ಮುಖ ಊದತ್ತೆ, ಚಳಿ ತಡೆಯೋಕಾಗಲ್ಲ. ಕ್ಯಾನ್ಸರ್ ವಾಪಸ್ ಬಂತಾ ಸಾರ್?
– ಒಬ್ಬ ಓದುಗ, ತುಮಕೂರು

ಉತ್ತರ: ಗಾಬರಿ ಬೇಡ, ಮೊದಲು ಥೈರಾಯ್ಡ್ ರಕ್ತಪರೀಕ್ಷೆ ಮಾಡ್ಸಿ. ಈ ಚಿಕಿತ್ಸೆ ಆದ ತುಂಬಾ ಜನಕ್ಕೆ ಥೈರಾಯ್ಡ್ ಕಮ್ಮಿಯಾಗತ್ತೆ, ದಿನಕ್ಕೊಂದು ಮಾತ್ರೆ ಸಾಕು. ಹಾಗಂತ ಕತ್ತಿನ ಚೆಕಪ್ ಬಿಡ್ಬೇಡಿ. ಇನ್ನೊಂದು, ಜೇಬಲ್ಲಿ ಒಂದು ಚೀಟಿ ಇಟ್ಕೊಳ್ಳಿ, "ನಾನು ಕತ್ತಿಂದ ಉಸಿರಾಡ್ತೀನಿ, ಆಕ್ಸಿಜನ್ ಕತ್ತಿಗೇ ಕೊಡಿ" ಅಂತ ದೊಡ್ಡಕ್ಷರದಲ್ಲಿ ಬರೆದು.